ಚಾರ್ಜಿಂಗ್ ಪಿನ್ ಹೋಯಿತೇ? ಮೊದಲು ಉಪ್ಪು ತೆಗೆಯಿರಿ

ಕೇಬಲನ್ನು ಒಂದು ಮಗ್ಗುಲಿಗೆ ಒತ್ತಿ ಹಿಡಿದರೆ ಚಾರ್ಜ್ ಆಗುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ. ಇಲ್ಲವೇ ತೇವಾಂಶದ ಎಚ್ಚರಿಕೆ ಪರದೆಯ ಮೇಲೆ ಬಂದು ಕೂತಿದ್ದು ಎರಡು ದಿನವಾದರೂ ಹೋಗುವುದಿಲ್ಲ. ಎಲ್ಲಕ್ಕೂ ನಾವು ಕೊಡುವ ಹೆಸರು ಒಂದೇ: ‘ಪಿನ್ ಹೋಗಿದೆ’. ಭಟ್ಕಳದಿಂದ ಕಾರವಾರದವರೆಗಿನ ಕರಾವಳಿಯಲ್ಲಿ ಪಿನ್ ಬದಲಿಸುವ ಮೊದಲು ಅದರ ಮೇಲೆ ಉಪ್ಪು ಕೂತಿದೆಯೇ ಎಂದು ನೋಡಬೇಕು.

ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಉಪ್ಪು ತಾನೇ ನೀರೆಳೆದುಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೀರು ಬಿಡುವುದು ಇದಕ್ಕೇ. ಫೋನಿನ ಚಾರ್ಜಿಂಗ್ ಕಿಂಡಿಯಲ್ಲೂ ಅದೇ ನಡೆಯುತ್ತದೆ. ಬೇಸಿಗೆಯ ಕಡಲಗಾಳಿಗೆ ಕೂತ ಉಪ್ಪು ಜೂನ್ ಬಂದೊಡನೆ ಉಪ್ಪುನೀರಾಗುತ್ತದೆ, ಫೋನು ಮಳೆಯಲ್ಲಿ ನೆನೆಯದಿದ್ದರೂ. ಮೇಲೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ನೀರು ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಮರುದಿನ ಮತ್ತೆ ಅದೇ ಕತೆ.

ಶುರು ಮಾಡಬೇಕಾದದ್ದು ಫೋನಿನಿಂದಲ್ಲ, ಕೇಬಲಿನಿಂದ. ಟೈಪ್-ಸಿಯಲ್ಲಿ ಸ್ಪ್ರಿಂಗಿನಂತೆ ಬಾಗುವ ಸಂಪರ್ಕಗಳು ಇರುವುದು ಕೇಬಲಿನ ತುದಿಯಲ್ಲಿ, ಫೋನಿನಲ್ಲಿ ಅಲ್ಲ. ಸವೆಯುವುದಾದರೆ ಅಗ್ಗದ ಕೇಬಲೇ ಮೊದಲು ಸವೆಯಲಿ ಎಂದು ಹಾಗೆ ಮಾಡಿದ್ದಾರೆ. ಆದ್ದರಿಂದ ಬೇರೆ ಕೇಬಲ್, ಬೇರೆ ಚಾರ್ಜರ್, ಬೇರೆ ಪ್ಲಗ್ ಪಾಯಿಂಟ್, ಈ ಮೂರನ್ನೂ ಒಂದೊಂದಾಗಿ ಬದಲಿಸಿ ನೋಡಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದೆಂದು ತಿಳಿಯುವುದಿಲ್ಲ. ಫೋನಿನಲ್ಲಿ ವೈರ್‌ಲೆಸ್ ಚಾರ್ಜಿಂಗ್ ಇದ್ದರೆ ಅದರ ಮೇಲೂ ಇಟ್ಟು ನೋಡಿ. ಅಲ್ಲಿ ಸರಿಯಾಗಿ ಚಾರ್ಜ್ ಆದರೆ ಬ್ಯಾಟರಿಯ ಮೇಲಿನ ಅನುಮಾನ ಬಹುಮಟ್ಟಿಗೆ ಹೋಯಿತು.

ಎರಡನೆಯದು, ಕೇಬಲ್ ತಿರುಗಿಸಿ ಹಾಕುವುದು. ಪೂರ್ಣ ಟೈಪ್-ಸಿ ಕಿಂಡಿಯಲ್ಲಿ 24 ಪಿನ್‌ಗಳಿವೆ. ವಿದ್ಯುತ್ ಬರಲು 4, ಅದು ಮರಳಲು (ಗ್ರೌಂಡ್) 4, ಚಾರ್ಜರ್ ಜತೆ ಮಾತಾಡಲು ‘ಸಿಸಿ’ ಎಂಬ 2. ಒಂದು ಮಗ್ಗುಲಿಗೆ ಒಂದು ಸಿಸಿ. ಒಂದು ಕಡೆಯಿಂದ ಹಾಕಿದಾಗ ಚಾರ್ಜ್ ಆಗಿ, ತಿರುಗಿಸಿದಾಗ ಆಗದಿದ್ದರೆ, ಎರಡನೇ ಕೇಬಲಿನಲ್ಲೂ ಹಾಗೇ ಆದರೆ, ಒಂದು ಮಗ್ಗುಲಿನ ಪಿನ್‌ಗೆ ಕೊಳೆ ಹಿಡಿದಿದೆ ಅಥವಾ ಅದು ಸುಟ್ಟಿದೆ. ಸಿಸಿ ಪಿನ್‌ನ ಪಕ್ಕದಲ್ಲೇ 5 ವೋಲ್ಟ್ ಬರುವ ಪಿನ್ ಇದೆ. ನಡುವೆ ಉಪ್ಪುನೀರಿನ ಒಂದು ಹನಿ ನಿಂತರೂ ವಿದ್ಯುತ್ ಅತ್ತ ಹರಿದು ಪಿನ್‌ನ ತಾಮ್ರ ಕರಗತೊಡಗುತ್ತದೆ. ಒದ್ದೆ ಫೋನಿಗೆ ‘ಒಮ್ಮೆ ಹಾಕಿ ನೋಡೋಣ’ ಎಂದು ಚಾರ್ಜರ್ ಸಿಕ್ಕಿಸಬಾರದು ಎನ್ನುವುದು ಇದಕ್ಕಾಗಿ.

ಈಗ ಒಳಗೆ ನೋಡಿ. ಇನ್ನೊಂದು ಫೋನಿನ ಟಾರ್ಚ್, ಒಂದು ಭೂತಗನ್ನಡಿ ಸಾಕು. ಕೇಬಲ್ ಪೂರ್ತಿ ಒಳಹೋಗದೆ ಒಂದು ಮಿಲಿಮೀಟರ್ ಹೊರಗೇ ನಿಂತರೆ ತಳದಲ್ಲಿ ಕಸ ಗಟ್ಟಿಯಾಗಿದೆ. ಪ್ಯಾಂಟಿನ ಜೇಬಿನ ನೂಲು, ಬೀಚಿನ ಮರಳು, ಶಿರಸಿ ಕಡೆಯಾದರೆ ಅಡಿಕೆ ಸಿಪ್ಪೆಯ ನಾರು. ಕವಳದ ಸಂಚಿಯೂ ಫೋನೂ ಒಂದೇ ಜೇಬಿನಲ್ಲಿದ್ದರೆ ತಂಬಾಕಿನ ಪುಡಿ, ಒಣ ಸುಣ್ಣ ಕೂಡ. ಹಸಿರು ಪುಡಿ ಕಂಡರೆ ಅದು ಹಿತ್ತಾಳೆ ದೀಪಕ್ಕೆ ಹಿಡಿಯುವಂಥದೇ ಕಿಲುಬು. ಕಪ್ಪು ಕಲೆ ಇದ್ದು ಪ್ಲಾಸ್ಟಿಕ್ ಕರಗಿದ್ದರೆ ಸುಟ್ಟಿದೆ. ಅಲ್ಲಿಗೆ ಮನೆಯಲ್ಲಿ ಮಾಡುವ ಕೆಲಸ ಮುಗಿಯಿತು, ರಿಪೇರಿಗೆ ಒಯ್ಯಿರಿ. ಹಿಂಬದಿಯ ಮುಚ್ಚಳ ಉಬ್ಬಿದ್ದರೂ ಅಷ್ಟೇ, ಚಾರ್ಜ್ ಹಾಕಲೇಬೇಡಿ.

ಶುಚಿ ಮಾಡುವಾಗ ಫೋನ್ ಆಫ್ ಇರಲಿ. ಸೂಜಿ, ಸೇಫ್ಟಿ ಪಿನ್, ಸಿಮ್ ತೆಗೆಯುವ ಕಡ್ಡಿ ಬೇಡ. ಕಿಂಡಿಯ ಎತ್ತರ ಸುಮಾರು 2.5 ಮಿ.ಮೀ., ಪಿನ್‌ಗಳಿರುವ ನಡುವಿನ ನಾಲಿಗೆ 0.7 ಮಿ.ಮೀ. ಮೇಲೂ ಕೆಳಗೂ ಉಳಿಯುವ ಸಂದು ಒಂದು ಮಿಲಿಮೀಟರಿಗೂ ಕಡಿಮೆ. ಅಂಗಡಿಯ ಟೂತ್‌ಪಿಕ್ ಹಾಗೇ ತೂರಿಸಿದರೆ ನಾಲಿಗೆ ಮುರಿಯಬಹುದು. ಪೊರಕೆಯ ಹಿಡಿಕಡ್ಡಿಯನ್ನೋ ಟೂತ್‌ಪಿಕ್ಕನ್ನೋ ಬ್ಲೇಡಿನಿಂದ ಅರ್ಧ ಮಿ.ಮೀ. ದಪ್ಪಕ್ಕೆ ಚಪ್ಪಟೆ ಕೆತ್ತಿ. ಫೋನಿನ ಕಿಂಡಿ ಕೆಳಮುಖವಾಗಿರಲಿ. ಕಡ್ಡಿ ಹೊರಗೋಡೆಗೆ ತಾಗಿಕೊಂಡೇ ಹೋಗಲಿ, ತಳದಿಂದ ಹೊರಕ್ಕೆ ಎಳೆಯಿರಿ. ಒಳಕ್ಕೆ ಒತ್ತಿದಷ್ಟೂ ಕಸ ಗಟ್ಟಿಯಾಗುತ್ತದೆ. ಬಾಯಿಂದ ಊದಬೇಡಿ, ಉಸಿರಿನಲ್ಲೇ ನೀರಿದೆ.

ಕಸ ಹೋದ ಮೇಲೆ ಉಪ್ಪು, ಕಿಲುಬಿನ ಸರದಿ. ಮೊಬೈಲ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲ್, ರಿಪೇರಿಯವರ ಮಾತಿನಲ್ಲಿ ಐಪಿಎ, ಬೇಕು. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ದೀಪಕ್ಕೆ ತಿಕ್ಕುವಂತೆ ಹುಣಸೆಹುಳಿ, ನಿಂಬೆ ತರಬೇಡಿ. ಹುಳಿ ಸಂದಿಯಲ್ಲಿ ಉಳಿದರೆ ಕಿಲುಬಿಗಿಂತ ಬೇಗ ತಿನ್ನುತ್ತದೆ. ಐಪಿಎಯಲ್ಲಿ ಒಂದು ತೊಡಕಿದೆ: ಅದು ಉಪ್ಪನ್ನು ಅಷ್ಟಾಗಿ ಕರಗಿಸುವುದಿಲ್ಲ. ಹಾಗಾಗಿ ಬ್ರಷ್ ಬೇಕೇ ಬೇಕು. ಮೆತ್ತನೆಯ ಬ್ರಷ್ಷಿನ ನಾಲ್ಕಾರು ಎಳೆ ಮಾತ್ರ ಉಳಿಸಿ ಕತ್ತರಿಸಿ, ಎರಡು ಹನಿ ಐಪಿಎ ಹಾಕಿ, ನಾಲಿಗೆಯ ಎರಡೂ ಮಗ್ಗುಲನ್ನು ಹತ್ತು-ಹದಿನೈದು ಸಲ ಉಜ್ಜಿ, ಬಿಳಿ ಬಟ್ಟೆಗೆ ಒರೆಸುತ್ತಿರಿ. ಬಟ್ಟೆಗೆ ಹಸಿರು ಬರುವುದು ನಿಲ್ಲುವವರೆಗೆ ಇದನ್ನೇ ಮಾಡಿ.

ಫೋನು ಕಡಲಿಗೇ ಬಿದ್ದಿದ್ದರೆ ಲೆಕ್ಕ ಬೇರೆ. ಫೋನು ನೀರು ತಡೆಯುವ ದರ್ಜೆಗಳಾದ ಐಪಿ67, ಐಪಿ68ರ ಪರೀಕ್ಷೆಗಳು ನಡೆಯುವುದು ಸಿಹಿನೀರಿನಲ್ಲಿ. ಆ ದರ್ಜೆಯ ಫೋನಾಗಿದ್ದು ಗಾಜು ಬಿರುಕು ಬಿಟ್ಟಿಲ್ಲದಿದ್ದರೆ, ಆಫ್ ಮಾಡಿ, ಕಿಂಡಿಗೆ ಸಿಹಿನೀರನ್ನು ನಿಧಾನವಾಗಿ ಹಾಯಿಸಿ ಉಪ್ಪು ತೊಳೆಯಿರಿ. ನೀರು ತಡೆಯದ ಫೋನಾದರೆ ಹಾಗೆ ಮಾಡದೆ ನೇರವಾಗಿ ರಿಪೇರಿಗೆ ಒಯ್ಯಿರಿ.

ಒಣಗಿಸಲು ಅಕ್ಕಿ ಡಬ್ಬಿ ಬೇಡ, ಹಿಟ್ಟು ಕಿಂಡಿಗೆ ಹೋಗುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಹೇರ್ ಡ್ರೈಯರೂ ಬೇಡ. ಕಿಂಡಿ ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗಿಡಿ. ಜುಲೈ ತಿಂಗಳಲ್ಲಿ ಮನೆಯ ಗಾಳಿಯೇ ಒದ್ದೆಯಾದ್ದರಿಂದ ಗಾಳಿಯಾಡದ ಡಬ್ಬಿಯಲ್ಲಿ ನೀರು ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜತೆ 24 ಗಂಟೆ ಇಡುವುದು ಮೇಲು. ತಿಂಗಳಿಂದ ತೆರೆದು ಬಿದ್ದ ಪೊಟ್ಟಣಗಳು ಆಗಲೇ ನೀರು ಕುಡಿದಿರುತ್ತವೆ, ಅವು ನಡೆಯುವುದಿಲ್ಲ.

ಆಮೇಲೂ ಅನುಮಾನವಿದ್ದರೆ ಕೇಬಲಿಗೂ ಫೋನಿಗೂ ನಡುವೆ ಸಿಕ್ಕಿಸುವ ಟೈಪ್-ಸಿ ಮೀಟರ್ ಬಳಸಿ. ಬ್ಯಾಟರಿ ಶೇ 50ಕ್ಕಿಂತ ಕೆಳಗಿರಲಿ. ಸಾಮಾನ್ಯ ಚಾರ್ಜರಿನಲ್ಲಿ 5 ವೋಲ್ಟ್, 1 ಆಂಪಿಯರ್ ಅಥವಾ ಹೆಚ್ಚು ತೋರಿದರೆ ಚಿಂತೆಯಿಲ್ಲ. ಕೇಬಲ್ ಅಲುಗಿಸಿದಾಗ ಆಂಪಿಯರ್ ಸೊನ್ನೆಗೆ ಬಿದ್ದು ಏಳುತ್ತಿದ್ದರೆ ಕಿಂಡಿ ಸಡಿಲ. ಆಂಪಿಯರ್ ಏರಿದಾಗ ವೋಲ್ಟ್ 4.5ಕ್ಕಿಂತ ಇಳಿದರೆ ತಪ್ಪು ಕೇಬಲಿನದು ಅಥವಾ ಚಾರ್ಜರಿನದು, ಫೋನಿನದಲ್ಲ.

ಕಿಂಡಿಯೇ ಹೋಗಿದ್ದರೆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದಿದೆ: ‘ಇದಕ್ಕೆ ಸಿಸಿ ಬೋರ್ಡ್ ಬೇರೆ ಇದೆಯೇ?’ ಇಲ್ಲಿ ಸಿಸಿ ಎಂದರೆ ಚಾರ್ಜಿಂಗ್ ಕನೆಕ್ಟರ್, ಮೇಲೆ ಹೇಳಿದ ಸಿಸಿ ಪಿನ್ ಅಲ್ಲ. ಹಲವು ಆಂಡ್ರಾಯ್ಡ್ ಫೋನ್‌ಗಳಲ್ಲಿ ಕಿಂಡಿಯು ಕೆಳತುದಿಯ ಚಿಕ್ಕ ಬೋರ್ಡಿನ ಮೇಲಿರುತ್ತದೆ. ಅದಾದರೆ ಬೆಸುಗೆಯಿಲ್ಲದೆ ಸ್ಕ್ರೂ ಬಿಚ್ಚಿ ಬೋರ್ಡನ್ನೇ ಬದಲಿಸಬಹುದು. ಮೇನ್ ಬೋರ್ಡಿಗೇ ಬೆಸೆದ ಕಿಂಡಿಯಾದರೆ ಬಿಸಿಗಾಳಿ ಯಂತ್ರದ ಕೆಲಸ, ಕೈ ಪಳಗಿದವರಿಗೇ ಕೊಡಿ. ಬೋರ್ಡ್ ತರಿಸುವಾಗ ಸೆಟ್ಟಿಂಗ್ಸ್‌ನಲ್ಲಿರುವ ಪೂರ್ತಿ ಮಾಡೆಲ್ ನಂಬರ್ ಕೊಡಿ. ಒಂದೇ ಹೆಸರಿನ ಫೋನಿಗೆ ಎರಡು ಬಗೆಯ ಬೋರ್ಡ್ ಇರುವುದುಂಟು. ಹೊಂದದ್ದನ್ನು ಹಾಕಿದರೆ ಚಾರ್ಜ್ ಆದರೂ ಫಾಸ್ಟ್ ಚಾರ್ಜಿಂಗ್ ಬಾರದೆ ಹೋಗಬಹುದು.

ಆ ಚಿಕ್ಕ ಬೋರ್ಡಿನಲ್ಲಿ ಸಾಮಾನ್ಯವಾಗಿ ಮೈಕೂ ಇರುತ್ತದೆ, ಆಂಟೆನಾ ತಂತಿಯೂ ಅಲ್ಲಿಗೇ ಬರುತ್ತದೆ. ಆದ್ದರಿಂದ ಹಣ ಕೊಡುವ ಮೊದಲು ಕೌಂಟರಿನಲ್ಲೇ ನಿಂತು ಕೇಬಲನ್ನು ಎರಡೂ ಮಗ್ಗುಲಿನಿಂದ ಹಾಕಿ ನೋಡಿ, ಯಾರಿಗಾದರೂ ಕರೆ ಮಾಡಿ ಮಾತು ಆಚೆ ಕೇಳುತ್ತದೆಯೇ ಎಂದು ವಿಚಾರಿಸಿ, ಸಿಗ್ನಲ್ ಕಡ್ಡಿಗಳು ಮೊದಲಿನಷ್ಟೇ ಇವೆಯೇ ನೋಡಿಕೊಳ್ಳಿ.