ಲೋಕಲ್ ರೈಲಿನ ಒಂದು ಗಂಟೆ: ಮೊಬೈಲಿನಲ್ಲಿ ಏನು ನೋಡಬೇಕು, ಏನು ಬಿಡಬೇಕು

ಮುಂಬೈ ಹೊರವಲಯದ ಡೊಂಬಿವಲಿಯಿಂದ ನಗರದ ಸಿಎಸ್‌ಎಂಟಿ ನಿಲ್ದಾಣಕ್ಕೆ ಫಾಸ್ಟ್ ಲೋಕಲ್ ಹಿಡಿದರೂ ಗಂಟೆ ಹಿಡಿಯುತ್ತದೆ. ಕಚೇರಿಗೂ ಮನೆಗೂ ನಡುವೆ ನನ್ನದು ಎನ್ನಬಹುದಾದ ಹೊತ್ತು ಅದೊಂದೇ. ಅದನ್ನು ಯಾವುದೋ ಕಂಪನಿಯ ಲೆಕ್ಕಾಚಾರಕ್ಕೆ ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಮೊದಲು ಯೂಟ್ಯೂಬ್. ಸೆಟ್ಟಿಂಗ್ಸ್‌ಗೆ ಹೋಗಿ ವಾಚ್ ಹಿಸ್ಟರಿಯನ್ನು ನಿಲ್ಲಿಸಿ, ಹಳೆಯದನ್ನೂ ಅಳಿಸಿ. 2023ರ ಆಗಸ್ಟ್‌ನಲ್ಲಿ ಬಂದ ಬದಲಾವಣೆಯಿಂದಾಗಿ, ಹೀಗೆ ಮಾಡಿದವರ ಮುಖಪುಟದಲ್ಲಿ ಶಿಫಾರಸುಗಳು ಕಾಣುವುದಿಲ್ಲ. ಹೆಸರು ಬರೆದು ಹುಡುಕುವ ಖಾನೆ ಉಳಿಯುತ್ತದೆ. ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನ ಬೇಕಿದ್ದರೆ ಹೆಸರು ಬರೆದು ಹುಡುಕಬೇಕು, ಕೇಳಬೇಕು, ಮುಚ್ಚಬೇಕು. ಆಟೊಪ್ಲೇಯನ್ನೂ ನಿಲ್ಲಿಸಿಬಿಡಿ. ನಮ್ಮ ಅತ್ತೆಯವರು ತಾಳಮದ್ದಳೆ ಹಾಕಿಕೊಂಡು ಕೂತರೆ, ಅದು ಮುಗಿದ ಮೇಲೆ ಸಕ್ಕರೆ ಕಾಯಿಲೆಗೆ ಮನೆಮದ್ದು ಹೇಳುವವರು ತಾವಾಗಿಯೇ ಬಂದುಬಿಡುತ್ತಿದ್ದರು. ಅತ್ತೆಯವರು ಕೇಳದೆ ಇದ್ದದ್ದನ್ನು ಅವರ ಕಿವಿಗೆ ಹಾಕುವ ಅಧಿಕಾರ ಯಾರಿಗೂ ಇಲ್ಲ.

ಇನ್ನು ವಾಟ್ಸ್‌ಆ್ಯಪ್. ನಿಜವಾದ ಎಚ್ಚರ ಬೇಕಾದದ್ದು ಇಲ್ಲಿಯೇ, ಅದರಲ್ಲೂ ಮಳೆಗಾಲದಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಬಿದ್ದ 944 ಮಿಲಿಮೀಟರ್ ಮಳೆಯನ್ನು ಈ ಊರು ಮರೆತಿಲ್ಲ. ಹಳಿಯ ಮೇಲೆ ನೀರು ನಿಂತ ದೃಶ್ಯ ಕಂಡರೆ ಸಾಕು, ಮನೆಯವರು ಎಲ್ಲಿದ್ದಾರೋ ಎಂದು ಜೀವ ಹಾರುತ್ತದೆ. ಹಳೆಯ ವಿಡಿಯೊಗಳು ‘ಈಗಷ್ಟೇ, ಕುರ್ಲಾ’ ಎಂಬ ಒಕ್ಕಣೆ ಹೊತ್ತು ಓಡಾಡುವುದು ಈ ಭಯದ ಬೆನ್ನೇರಿಯೇ.

ಅಂಥದ್ದು ಬಂದಾಗ ಮೇಲೆ ಜೋಡಿ ಬಾಣದ ಗುರುತಿದೆಯೇ ನೋಡಿ. ಇದ್ದರೆ ಅದು ಕನಿಷ್ಠ ಐದು ಕೈ ದಾಟಿ ಬಂದಿದೆ ಎಂದರ್ಥ. ಅಂಥ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸುವಂತೆ ವಾಟ್ಸ್‌ಆ್ಯಪ್ 2020ರ ಏಪ್ರಿಲ್‌ನಲ್ಲಿ ಕಡಿವಾಣ ಹಾಕಿತು. ಬಳಿಕ ವಿಡಿಯೊ ನಿಲ್ಲಿಸಿ ಕಣ್ಣಿಟ್ಟು ನೋಡಿ: ನಿಲ್ದಾಣದ ಫಲಕ ಓದಲು ಬರುತ್ತದೆಯೇ? ಮೇಲ್ಸೇತುವೆ, ಅಂಗಡಿ ನಿಮಗೆ ಗೊತ್ತಿರುವ ಹಾಗೆಯೇ ಇವೆಯೇ? ಒಂದು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಅದೇ ಚಿತ್ರ ಹಿಂದೆ ಎಲ್ಲಿ, ಯಾವಾಗ ಬಂದಿತ್ತು ಎಂದು ಎಷ್ಟೋ ಬಾರಿ ತಿಳಿಯುತ್ತದೆ. ರೈಲಿನ ಸುದ್ದಿಗೆ ಮಧ್ಯ ರೈಲ್ವೆಯ ಅಧಿಕೃತ ಖಾತೆ, ಮಳೆಗೆ ಹವಾಮಾನ ಇಲಾಖೆ ನೋಡಿ. ಖಾತ್ರಿಯಾಗುವವರೆಗೆ ಮುಂದಕ್ಕೆ ಕಳಿಸಬೇಡಿ. ಸುಳ್ಳೆಂದು ಗೊತ್ತಾದರೆ ಕಳಿಸಿದ ಹಿರಿಯರಿಗೆ ಎಲ್ಲರ ಎದುರು ಗುಂಪಿನಲ್ಲಿ ಹೇಳಬೇಡಿ. ಫೋನ್ ಮಾಡಿ, ‘ದೊಡ್ಡಮ್ಮ, ಅದು ಹಳೆಯದಂತೆ, ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ’ ಎನ್ನಿ. ಅವರಿಗೆ ಬೇಕಿದ್ದದ್ದು ಆ ಮಾತೇ.

ನೋಟಿಫಿಕೇಶನ್‌ಗಳ ವಿಷಯ ಸುಲಭ: ಕರೆ, ಬ್ಯಾಂಕ್ ಬಿಟ್ಟು ಉಳಿದೆಲ್ಲದರ ಸದ್ದು ಅಡಗಿಸಿ.

ಬಿಟ್ಟ ಜಾಗಕ್ಕೆ ಬೇರೇನಾದರೂ ತುಂಬದಿದ್ದರೆ ಕೈ ಮತ್ತೆ ರೀಲ್ಸ್‌ಗೇ ಹೋಗುತ್ತದೆ. ಆದ್ದರಿಂದ ಮರುದಿನ ಕೇಳುವುದನ್ನು ರಾತ್ರಿಯೇ ಇಳಿಸಿಟ್ಟುಕೊಳ್ಳಿ. ಒಂದೋ ಎರಡೋ ಸಾಕು. ಚೀಲದಲ್ಲಿ ತೆಳ್ಳನೆಯ ಕಥಾಸಂಕಲನವೊಂದಿರಲಿ, ಠಾಣೆ ನಿಲ್ದಾಣ ದಾಟಿದ ಮೇಲೆ ಸೀಟು ಸಿಕ್ಕರೆ ಒಂದು ಕಥೆ ಮುಗಿಯುತ್ತದೆ. ರಜೆಯ ದಿನ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲೋ ಕರ್ನಾಟಕ ಸಂಘದಲ್ಲೋ ಕಾರ್ಯಕ್ರಮವಿದ್ದರೆ ಹೋಗಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಲ್ಲಿ ಕೂತಷ್ಟು ಹೊತ್ತು ಮೊಬೈಲ್ ಚೀಲದಲ್ಲಿರಲಿ. ವೇದಿಕೆಯ ವಿಡಿಯೊ ತೆಗೆಯಲು ಬೇರೆಯವರಿರುತ್ತಾರೆ.