ಎರಡು ನೀತಿಗಳ ನಡುವೆ ನಮ್ಮ ಸಿಲಬಸ್

ಮಲೆನಾಡಿನ ಒಂದು ಸ್ವಾಯತ್ತ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ವಿಭಾಗದ ಮುಖ್ಯಸ್ಥೆ ಆಗಿರುವುದರಿಂದ ಸಿಲಬಸ್ ತೀರ್ಮಾನಿಸುವ ಅಧ್ಯಯನ ಮಂಡಳಿ, ಅಂದರೆ ಬಿಒಎಸ್‌ನ ಅಧ್ಯಕ್ಷತೆಯೂ ನನ್ನದೇ. ಸ್ವಾಯತ್ತ ಅಂದರೆ ಎಲ್ಲ ನಮ್ಮ ಕೈಯಲ್ಲೇ ಇದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಸಿಲಬಸ್ ಬರೆಯುವವರು, ಪರೀಕ್ಷೆ ನಡೆಸುವವರು ನಾವೇ, ಹೌದು. ಆದರೆ ಪದವಿ ಕೊಡುವುದು ವಿಶ್ವವಿದ್ಯಾಲಯ. ಕೋರ್ಸ್ ಎಷ್ಟು ವರ್ಷ ಅನ್ನುವುದು ಸರ್ಕಾರದ ಆದೇಶದಲ್ಲಿ ಬರುತ್ತದೆ.

2021ರಲ್ಲಿ ಕರ್ನಾಟಕ ದೇಶದಲ್ಲೇ ಮೊದಲು ರಾಷ್ಟ್ರೀಯ ಶಿಕ್ಷಣ ನೀತಿ ಜಾರಿ ಮಾಡಿತು. ಬೇರೆ ವಿಭಾಗದ ವಿಷಯ ಆರಿಸಿಕೊಳ್ಳುವ ಓಪನ್ ಎಲೆಕ್ಟಿವ್ ಬಂತು, 4ನೇ ವರ್ಷಕ್ಕೆ ಆನರ್ಸ್ ಬಂತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಅದನ್ನು ಬಿಟ್ಟು ತನ್ನದೇ ನೀತಿಯ ಆದೇಶ ಹೊರಡಿಸಿತು, ಮತ್ತೆ 3 ವರ್ಷದ ಪದವಿಗೇ ಮರಳಿದೆವು. ಆಗ ಒಂದೇ ಕಟ್ಟಡದಲ್ಲಿ ಎರಡು ನೀತಿಯ ಮಕ್ಕಳು. ಟೈಮ್‌ಟೇಬಲ್ ಹಾಕುವವರ ಪಾಡು ಕೇಳಲೇಬೇಡಿ!

ಚೌಕಟ್ಟು ಬದಲಾದಾಗ ಮೊದಲು ಹಾರಿಹೋಗುವುದು ಓಪನ್ ಎಲೆಕ್ಟಿವ್‌ನಂಥ ಬಿಡಿ ಪತ್ರಿಕೆಗಳು. ಹಾಗಾಗಿ ನಮಗೆ ಬೇಕಾದದ್ದನ್ನೆಲ್ಲ ಮುಖ್ಯ ಪತ್ರಿಕೆಯ ಯೂನಿಟ್ ಒಳಗೇ ಸೇರಿಸುತ್ತಾ ಬಂದೆ. ಕೃಷಿ ಮಾರುಕಟ್ಟೆಯ ಯೂನಿಟ್ಟನ್ನೇ ನೋಡಿ. ಮಕ್ಕಳು ಎಪಿಎಂಸಿಗೆ ಹೋಗಿ ರಾಶಿ, ಬೆಟ್ಟೆ, ಗೊರಬಲು ಅನ್ನುವ ಅಡಿಕೆ ಬಗೆಗಳ ಆ ದಿನದ ಧಾರಣೆ ಬರೆದುಕೊಳ್ಳುತ್ತಾರೆ. ಅದೇ ದಿನ ಮಾರಿದ ಯಾರಾದರೂ ರೈತರ ಬಿಲ್ ಕೇಳಿ ಪಡೆದು ಪಕ್ಕಕ್ಕಿಟ್ಟು ನೋಡುತ್ತಾರೆ. ಬೋರ್ಡಿನ ದರಕ್ಕೂ ಕೈಗೆ ಬಂದ ದುಡ್ಡಿಗೂ ಯಾಕೆ ವ್ಯತ್ಯಾಸ ಅಂತ ಎರಡು ಪುಟ ಬರೆಯಬೇಕು. ಅರ್ಧದಷ್ಟು ಮಕ್ಕಳು ಅಪ್ಪನ ಬಿಲ್ಲನ್ನೇ ತರುತ್ತಾರೆ.

ಬಿಒಎಸ್ ಸಭೆಯಲ್ಲಿ ಉದ್ಯಮದ ಪ್ರತಿನಿಧಿ, "ಮೇಡಂ, ಥಿಯರಿ ಜಾಸ್ತಿ ಆಯ್ತು, ಟ್ಯಾಲಿಗೆ ಒಂದು ಪತ್ರಿಕೆ ಕೊಡಿ" ಅಂದರು. ಟ್ಯಾಲಿ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರನ್ನು ಹೊರಗೆ ಎಲ್ಲಿ ಬೇಕಾದರೂ ಕಲಿಯಬಹುದು, ಅಲ್ವಾ? ನಾನು ಒಪ್ಪಲಿಲ್ಲ. ಆದರೆ ಅವರ ಮಾತಲ್ಲಿ ಹುರುಳಿತ್ತು. ಸಾರ್ವಜನಿಕ ಹಣಕಾಸಿನ ಯೂನಿಟ್‌ಗೆ ನಿಜವಾದ ಜಿಎಸ್‌ಟಿ ಬಿಲ್ ಓದುವ ಅಭ್ಯಾಸ ಸೇರಿಸಿದೆವು. ತೆರಿಗೆಯಲ್ಲಿ ಕೇಂದ್ರಕ್ಕೆಷ್ಟು, ರಾಜ್ಯಕ್ಕೆಷ್ಟು ಅಂತ ಹೋಟೆಲ್ ಬಿಲ್ಲಿನಲ್ಲೇ ಕಾಣುತ್ತದೆ.

ಹೊಸ ಚೌಕಟ್ಟಿನಲ್ಲಿ ಆಂತರಿಕ ಅಂಕ 40ರಿಂದ 20ಕ್ಕೆ ಇಳಿಯಿತು. ಅದರಲ್ಲೂ 10 ಅಂಕ ಎಪಿಎಂಸಿ ಕೆಲಸಕ್ಕೇ ಇಟ್ಟಿದ್ದೇನೆ. ಕಿರುಪರೀಕ್ಷೆ ಒಂದಕ್ಕೆ ಇಳಿಯಿತು ಅಂತ ಇಬ್ಬರು ಸಹೋದ್ಯೋಗಿಗಳಿಗೆ ಇನ್ನೂ ಬೇಸರವಿದೆ.

ಇನ್ನೊಂದು ಮಾತು. ಬಿಒಎಸ್‌ಗೆ ಕುಲಪತಿಗಳು ನೇಮಿಸುವ ತಜ್ಞರಿಗಾಗಿ ಪ್ರಾಂಶುಪಾಲರು 6 ಹೆಸರು ಕಳಿಸಬೇಕು. ಎಷ್ಟೋ ಕಡೆ ಹಳೇ ಪಟ್ಟಿಯನ್ನೇ ಸುಮ್ನೆ ಕಳಿಸಿಬಿಡುತ್ತಾರೆ. ನಾನು ಪ್ರತಿ ಸಲ ಕೂತು ಹೊಸದಾಗಿ ಬರೆದುಕೊಡುತ್ತೇನೆ. ತಾಲ್ಲೂಕು ಕಾಲೇಜಿನಲ್ಲಿ ಪಾಠ ಮಾಡಿದವರ ಹೆಸರು ಅದರಲ್ಲಿ ಇದ್ದೇ ಇರುತ್ತದೆ.