ಫರ್ನಿಚರ್ ತರಲು ಮಾಡುವಲ್ಲಿಗೇ ಹೋಗಬೇಕಾ? ಹೊರಡುವ ಮೊದಲು ಹೀಗೆ ಲೆಕ್ಕ ಹಾಕಿ

ಹೊಸ ಮನೆಯ ಒಕ್ಕಲು ಹತ್ತಿರ ಬಂತು ಅಂದರೆ ಮಂಗಳೂರು, ಉಡುಪಿ ಕಡೆ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಇಲ್ಲಿ ಅಂಗಡಿಯಲ್ಲಿ ಯಾಕೆ ತಗೊಳ್ತೀರಿ ಮಾರಾಯ್ರೆ, ಕೇರಳಕ್ಕೆ ಹೋಗಿ, ಮಾಡುವಲ್ಲಿಂದಲೇ ತನ್ನಿ, ಎಷ್ಟೋ ಕಡಿಮೆಗೆ ಸಿಗ್ತದೆ." ತಲಪಾಡಿ ದಾಟಿದರೆ ಕೇರಳ, ಹಾಗಾಗಿ ಮಾತು ಸುಲಭ ಅನಿಸುತ್ತದೆ. ಕೆಲವರಿಗೆ ಇದು ನಿಜವಾಗಿಯೂ ಲಾಭ. ಇನ್ನು ಕೆಲವರಿಗೆ ಉಳಿದ ದುಡ್ಡೆಲ್ಲ ದಾರಿಯಲ್ಲೇ ಖರ್ಚಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ರೇಟು ಕಡಿಮೆ ಅನ್ನುವ ಒಂದೇ ಕಾರಣಕ್ಕೆ ಹೋಗಬೇಡಿ. ಪಾಲಿಶ್ ಹಚ್ಚುವ ಮೊದಲು ಮರವನ್ನು ಕಣ್ಣಾರೆ ನೋಡಲು ಬಿಡುತ್ತಾರೆ ಅಂತಾದರೆ ಹೋಗಿ. ಮಾಡುವವರ ಹತ್ತಿರ ಸಿಗುವ ದೊಡ್ಡ ಲಾಭ ಅದು. ಪಾಲಿಶ್ ಆದ ಮೇಲೆ ತೇಗ, ಅಕೇಶಿಯಾ, ಮಹಾಗನಿ ಎಲ್ಲ ಒಂದೇ ಬಣ್ಣದಲ್ಲಿ ಮಿಂಚುತ್ತವೆ, ಪುಟ್ಟಿ ತುಂಬಿದ ಬಿರುಕೂ ಕಾಣುವುದಿಲ್ಲ. ನೀವು ಅಷ್ಟು ದೂರ ಹೋಗಿ ಅಲ್ಲಿಯೂ ಎಸಿ ಹಾಕಿದ ಶೋರೂಮಿನಲ್ಲಿ ಮಿಂಚುವ ಸೋಫಾವನ್ನೇ ನೋಡಿ ಬರುವುದಾದರೆ, ಬೋರ್ಡಿನಲ್ಲಿ 'ಫ್ಯಾಕ್ಟರಿ ಔಟ್‌ಲೆಟ್' ಅಂತ ಇದ್ದರೂ ಅದು ಅಂಗಡಿಯೇ. ಅಂಗಡಿ ಇಲ್ಲೇ ಉಂಟಲ್ವಾ?

ಈಗ ದುಡ್ಡಿನ ಲೆಕ್ಕ. ಒಂದು ಉದಾಹರಣೆ ಇಟ್ಟುಕೊಳ್ಳಿ. ಮಂಚ, ಕಪಾಟು, ಊಟದ ಮೇಜು ಮತ್ತು ಕುರ್ಚಿ ಸೇರಿ ಇಲ್ಲಿಯ ಅಂಗಡಿಯಲ್ಲಿ 1,20,000 ರೂಪಾಯಿ ಹೇಳಿದ್ದಾರೆ. ಅಲ್ಲಿ ಫೋನಿನಲ್ಲಿ 95,000 ಅಂದರು. 25,000 ಉಳಿಯಿತು ಅಂತ ಖುಷಿ ಆಗುತ್ತದೆ. ಆದರೆ ಅಂಗಡಿಯವರು ಹೇಳಿದ್ದು ಸಾಮಾನ್ಯವಾಗಿ ಟ್ಯಾಕ್ಸ್ ಸೇರಿದ ರೇಟು. ಫ್ಯಾಕ್ಟರಿಯವರು ಹೇಳುವುದು ಎಷ್ಟೋ ಸಲ ಟ್ಯಾಕ್ಸ್ ಬಿಟ್ಟು. ಮರದ ಫರ್ನಿಚರಿಗೆ ಜಿಎಸ್‌ಟಿ ಶೇ. 18. ಅಂದರೆ 95,000ಕ್ಕೆ 17,100 ಸೇರಿ 1,12,100 ಆಯಿತು. 25,000 ಇದ್ದ ವ್ಯತ್ಯಾಸ 7,900ಕ್ಕೆ ಇಳಿಯಿತು. ಇನ್ನು ಟೆಂಪೋ ಬಾಡಿಗೆ, ಲೋಡಿಂಗ್, ಅನ್‌ಲೋಡಿಂಗ್, ನೀವು ಹೋಗಿ ಬರುವ ಖರ್ಚು, ರಜೆ ಹಾಕಿದ ದಿನದ ಸಂಬಳ. ಟೆಂಪೋದವರು ಖಾಲಿ ವಾಪಸು ಹೋಗುವ ದಾರಿಯ ಬಾಡಿಗೆಯನ್ನೂ ಸೇರಿಸಿಯೇ ಹೇಳುತ್ತಾರೆ, ಅದು ತಪ್ಪೂ ಅಲ್ಲ. 7,900 ಎಲ್ಲಿಗೂ ಸಾಲುವುದಿಲ್ಲ.

ಹಾಗಾದರೆ ಬಿಲ್ ಇಲ್ಲದೆ ತಂದರೆ? ದಯವಿಟ್ಟು ಬೇಡ. 50,000 ರೂಪಾಯಿ ಮೀರಿದ ಸರಕು ರಸ್ತೆಯಲ್ಲಿ ಬರುವಾಗ ಬಿಲ್ ಜೊತೆ ಇ-ವೇ ಬಿಲ್, ಅಂದರೆ ಸರಕು ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ಜಿಎಸ್‌ಟಿ ಚೀಟಿ, ಬೇಕು. ಇಲ್ಲದಿದ್ದರೆ ಗಾಡಿ ದಾರಿಯಲ್ಲೇ ನಿಲ್ಲುತ್ತದೆ, ದಂಡ ಬೀಳುತ್ತದೆ. ಅದಕ್ಕಿಂತ ಮುಖ್ಯ, ಆರು ತಿಂಗಳಿಗೆ ಮಂಚದ ಕಾಲು ಬಿರುಕು ಬಿಟ್ಟರೆ ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಬಿಲ್ ಇದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಮಾರಿದವರು ಎರ್ನಾಕುಳಂನವರಾದರೂ ಸರಿ, ರಾಜಸ್ಥಾನದವರಾದರೂ ಸರಿ, ನೀವು ಅಲ್ಲಿಗೆ ಅಲೆಯಬೇಕಾಗಿಲ್ಲ.

ಎಷ್ಟು ಸಾಮಾನು ಬೇಕು ಅನ್ನುವುದರ ಮೇಲೆ ಅರ್ಧ ತೀರ್ಮಾನ ಆಗಿಬಿಡುತ್ತದೆ. ಒಂದು ಸೋಫಾ ಸೆಟ್ಟಿಗೋ, ಒಂದು ಮಂಚಕ್ಕೋ ಹೋಗುವುದು ಸುಮ್ನೆ. ಇಡೀ ಮನೆಗೆ ಬೇಕು, ಇಲ್ಲವೇ ಅಣ್ಣನ ಮನೆಗೂ ನಿಮ್ಮ ಮನೆಗೂ ಒಟ್ಟಿಗೆ ಬೇಕು, ಒಂದು ಲಾರಿ ತುಂಬುತ್ತದೆ ಅಂತಾದರೆ ಆಗ ಲೆಕ್ಕ ಬದಲಾಗುತ್ತದೆ. ಲಾರಿ ಬಾಡಿಗೆ ಹಂಚಿಹೋಗುತ್ತದೆ, ರೇಟು ಕೇಳುವಾಗಲೂ ನಿಮ್ಮ ಮಾತಿಗೆ ತೂಕ ಬರುತ್ತದೆ. ನಿಮಗೆ ಬೇಕಾದ ಅಳತೆಯದ್ದು, ಬೇಕಾದ ಮರದ್ದು ಇಲ್ಲಿ ಸಿಗುವುದೇ ಇಲ್ಲ ಅಂತಾದರೂ ಹೋಗಲು ಕಾರಣ ಉಂಟು.

ಎಲ್ಲಿಗೆ ಹೋಗುವುದು? ನಮ್ಮ ಕಡೆಯವರು ಹೆಚ್ಚಾಗಿ ಹೇಳುವ ಹೆಸರು ನಿಲಂಬೂರು. ಮಂಗಳೂರಿನಿಂದ ಹೆಚ್ಚುಕಡಿಮೆ 300 ಕಿ.ಮೀ., ಉಡುಪಿಯವರು ಇನ್ನೊಂದು 55–60 ಸೇರಿಸಿಕೊಳ್ಳಿ. 1840ರ ದಶಕದಲ್ಲಿ ಬ್ರಿಟಿಷರು ಅಲ್ಲಿ ತೇಗದ ತೋಪು ನೆಡಿಸಿದರು. ಕನೋಲಿ ಪ್ಲಾಟ್ ಅನ್ನುವ ಆ ತೋಪಿನ ಹಳೇ ಮರಗಳು ಈಗಲೂ ನಿಂತಿವೆ. ಆ ಹೆಸರಿಗೆ ಅಷ್ಟು ಬೆಲೆ ಇರುವುದರಿಂದಲೇ ಹುಷಾರಾಗಿರಬೇಕು. ಅಲ್ಲಿಯ ಅರಣ್ಯ ಇಲಾಖೆಯ ತೇಗ ಡಿಪೋಗಳಲ್ಲಿ ಹರಾಜಾಗುತ್ತದೆ. ಹಾಗಾಗಿ ನಿಲಂಬೂರು ತೇಗ ಅಂತ ಹೇಳಿ ಜಾಸ್ತಿ ರೇಟು ಕೇಳಿದರೆ, ಯಾವ ಡಿಪೋದಿಂದ ತಂದದ್ದು, ಕಾಗದ ಉಂಟಾ ಅಂತ ಕೇಳಿ. ಇದ್ದವರು ತೋರಿಸುತ್ತಾರೆ. ಕೋಝಿಕ್ಕೋಡಿನ ಕಲ್ಲಾಯಿ ಹಳೇ ಮರದ ವ್ಯಾಪಾರದ ಜಾಗ. ಇನ್ನೂ ಮುಂದೆ ಹೋದರೆ ಕೋತಮಂಗಲದ ಹತ್ತಿರ ನೆಲ್ಲಿಕುಳಿ, ಅಲ್ಲಿ ಫರ್ನಿಚರ್ ಮಾಡುವವರೇ ಸಾಲುಸಾಲಾಗಿ ಇದ್ದಾರೆ, ಆದರೆ ಮಂಗಳೂರಿನಿಂದ 400 ಕಿ.ಮೀ. ದಾಟುತ್ತದೆ. ಒಂದೇ ದಿನದಲ್ಲಿ ಹೋಗಿ ನೋಡಿ ಬರುವ ಆಸೆ ಬಿಡಿ.

ರಾಜಸ್ಥಾನದ ಜೋಧ್‌ಪುರದ ವಿಷಯ ಬೇರೆ. ಅಲ್ಲಿಯ ಬೋರಾನಾಡದ ಕಡೆ ತಯಾರಾಗುವ ಶೀಶಮ್, ಮಾವಿನ ಮರದ ಫರ್ನಿಚರ್ ನೋಡಲು ಚಂದ, ಕೆಲಸವೂ ಚಂದ. ಆದರೆ ಅದು ಮರುಭೂಮಿಯ ಒಣ ಗಾಳಿಯಲ್ಲಿ ಕೂಡಿಸಿದ ಮರ. ನಮ್ಮಲ್ಲಿ ಮಳೆಗಾಲದಲ್ಲಿ ಗಾಳಿಯ ತೇವ ಶೇ. 85 ದಾಟುವುದು ಮಾಮೂಲು. ಅಂಥ ಗಾಳಿಯಲ್ಲಿ ವಾರಗಟ್ಟಲೆ ಇದ್ದರೆ ಮರದೊಳಗಿನ ತೇವವೂ ನಿಧಾನಕ್ಕೆ ಶೇ. 17–18ರ ಹತ್ತಿರ ಬರುತ್ತದೆ. ಮರ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. 20 ಸೆಂ.ಮೀ. ಎತ್ತರದ ಡ್ರಾಯರ್ 2–3 ಮಿ.ಮೀ. ಉಬ್ಬಿದರೆ ಸಾಕು, ಜುಲೈಯಲ್ಲಿ ಇಬ್ಬರು ಹಿಡಿದು ಎಳೆದರೂ ಬರುವುದಿಲ್ಲ. ಕಪಾಟಿನ ಬಾಗಿಲಿಗೂ ಇದೇ ಕಥೆ. ಆಗ ಯಾರನ್ನು ಕರೆಯುತ್ತೀರಿ? ಅಲ್ಲಿಂದ ಯಾರೂ ಕೀಸುಳಿ ಹಿಡಿದುಕೊಂಡು ಮಣಿಪಾಲಕ್ಕೆ ಬರುವುದಿಲ್ಲ. ದೂರದಿಂದ ತರಿಸುವುದೇ ಆದರೆ ಡ್ರಾಯರಿನ ಸುತ್ತ ಜಾಗ ಜಾಸ್ತಿ ಬಿಡಲು ಮೊದಲೇ ಹೇಳಿ, ಒಳಗಡೆ ಮತ್ತು ಅಡಿಭಾಗಕ್ಕೂ ಪಾಲಿಶ್ ಹಚ್ಚಲು ಹೇಳಿ. ಹೊರಗೆ ಮಾತ್ರ ಹಚ್ಚಿದರೆ ತೇವ ಒಳಗಿನಿಂದ ಹೋಗುತ್ತದೆ. ಈ ವಿಷಯದಲ್ಲಿ ಕೇರಳದ ಮಾಲು ನಮಗೆ ಹತ್ತಿರ, ಅಲ್ಲಿಯ ಗಾಳಿಯೂ ನಮ್ಮದರ ಹಾಗೆಯೇ.

ಹೊರಡುವ ಮೊದಲು ಫೋನಿನಲ್ಲಿ ಕೇಳುವುದು ಕೇಳಿಬಿಡಿ. ಮಾಲು ಮಾಡುವ ಶೆಡ್ಡು ತೋರಿಸುತ್ತೀರಾ? ಮರ ಎಲ್ಲಿ ಒಣಗಿಸುತ್ತೀರಿ, ಯಂತ್ರದಲ್ಲೋ ಗಾಳಿಯಲ್ಲೋ? ಈಗ ಪಾಲಿಶ್ ಆಗದ ಪೀಸು ಏನಾದರೂ ಇದೆಯಾ, ಒಂದು ವಿಡಿಯೋ ಕಳಿಸುತ್ತೀರಾ? ಈ ಮೂರಕ್ಕೆ ಸರಿಯಾಗಿ ಉತ್ತರ ಕೊಡದವರು "ನೀವು ಬನ್ನಿ ಸಾರ್, ಮಾತಾಡುವ" ಅಂತ ಮಾತ್ರ ಹೇಳುತ್ತಿದ್ದರೆ ಹೋಗಬೇಡಿ. ವಿಡಿಯೋ ಬಂತು, ಹಿಂದೆ ಹಲಗೆ ಅಟ್ಟಿ ಹಾಕಿದ್ದು ಕಾಣುತ್ತದೆ, ಹಲಗೆ ಹಲಗೆಯ ನಡುವೆ ಗಾಳಿ ಆಡಲು ಪಟ್ಟಿ ಇಟ್ಟಿದ್ದಾರೆ ಅಂತಾದರೆ ಅವರಿಗೆ ಮರದ ಮೇಲೆ ಕಾಳಜಿ ಇದೆ ಅಂತ ಅರ್ಥ. ಒಂದು ಇಂಚು ದಪ್ಪದ ಹಲಗೆ ಗಾಳಿಯಲ್ಲಿ ಒಣಗಲು ಹತ್ತಿರಹತ್ತಿರ ವರ್ಷ ಬೇಕು ಅನ್ನುವುದು ಮರದ ಕೆಲಸದವರ ಹಳೇ ಲೆಕ್ಕ.

ಅಲ್ಲಿ ಹೋದ ಮೇಲೆ ಮುಂದಿನ ಭಾಗ ನೋಡುತ್ತಾ ನಿಲ್ಲಬೇಡಿ, ಅದನ್ನು ಎಲ್ಲರೂ ಚಂದ ಮಾಡುತ್ತಾರೆ. ಡ್ರಾಯರ್ ಪೂರ್ತಿ ಹೊರಗೆ ಎಳೆದು ತಲೆಕೆಳಗೆ ಮಾಡಿ. ತಳಕ್ಕೆ ಏನು ಹಾಕಿದ್ದಾರೆ? ಪ್ಲೈವುಡ್ಡೋ, ಎಂಡಿಎಫ್ಫೋ? ಎಂಡಿಎಫ್ ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ನೀರು ಕಂಡರೆ ಉಬ್ಬಿ ಪುಡಿಯಾಗುತ್ತದೆ, ನಮ್ಮ ಊರಿಗೆ ಅದು ಆಗಿಬರುವುದಿಲ್ಲ. ಪ್ಲೈವುಡ್ ಆದರೆ ಅದರ ಮೇಲೆ ಐಎಸ್ 303 ಅಥವಾ ಐಎಸ್ 710 ಅನ್ನುವ ಮುದ್ರೆ ಹುಡುಕಿ. 710 ಅಂದರೆ ನೀರು ತಡೆಯುವ ಮೆರೈನ್ ಪ್ಲೈ. 303ರಲ್ಲಿಯೂ ಎರಡು ಗ್ರೇಡ್ ಇವೆ, ಬಿಡಬ್ಲ್ಯುಆರ್ ಅಂತ ಇದ್ದರೆ ತೇವ ತಡೆಯುತ್ತದೆ, ಎಂಆರ್ ಅಂತ ಇದ್ದರೆ ಅಷ್ಟಾಗಿ ಇಲ್ಲ. ಆಮೇಲೆ ಮಂಚದ ಕಾಲಿನ ಒಳಬದಿ ನೋಡಿ. ಅಂಚಿನಲ್ಲಿ ಬಿಳಿಚಿದ ಪಟ್ಟಿ ಕಂಡರೆ ಅದು ಮರದ ಹೊರಪದರದ ಭಾಗ, ತಿರುಳಲ್ಲ. ಕುಟ್ಟೆ ಹುಳು ಮೊದಲು ಹಿಡಿಯುವುದು ಅಲ್ಲಿಗೇ. ಸ್ವಲ್ಪ ಇದ್ದರೆ ಪರವಾಗಿಲ್ಲ, ಕಾಲೇ ಅರ್ಧ ಬಿಳಿ ಇದ್ದರೆ ಬೇಡ. ಅಡ್ಡಪಟ್ಟಿಯನ್ನು ಕಾಲಿನೊಳಗೆ ತೂತು ಕೊರೆದು ಕೂರಿಸಿದ್ದಾರಾ, ಸುಮ್ಮನೆ ಮೊಳೆ ಹೊಡೆದು ಅಂಟಿಸಿದ್ದಾರಾ ಅಂತ ಬೆರಳಾಡಿಸಿ ನೋಡಿ. ನೆಲದಲ್ಲಿ ಹಿಟ್ಟಿನ ಹಾಗೆ ಸಣ್ಣ ಪುಡಿ ಬಿದ್ದಿದ್ದರೆ ಆ ಪೀಸಿನ ಹತ್ತಿರ ಹೋಗಬೇಡಿ. ರಬ್ಬರ್ ಮರದ್ದಾದರೆ ಔಷಧಿ ಕೊಟ್ಟದ್ದಾ ಅಂತ ಕೇಳಲೇಬೇಕು, ಬೋರಾನ್ ದ್ರಾವಣದಲ್ಲಿ ಹದ ಮಾಡದ ರಬ್ಬರ್ ಮರ ಬೇಗ ಹುಳು ಹಿಡಿಯುತ್ತದೆ.

ಮರದ ತೇವ ಅಳೆಯುವ ಸಣ್ಣ ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ. ಎರಡು ಸೂಜಿ ಚುಚ್ಚಿದರೆ ಅಂಕಿ ತೋರಿಸುತ್ತದೆ. ಲಕ್ಷದ ಮಾಲು ತೆಗೆದುಕೊಳ್ಳುವವರು ಒಂದು ತೆಗೆದುಕೊಂಡು ಹೋಗಿ, ಪಾಲಿಶ್ ಆಗದ ಜಾಗದಲ್ಲಿ ಚುಚ್ಚಿ ನೋಡಿ. ಶೇ. 12ರಿಂದ 15ರ ಒಳಗೆ ಇದ್ದರೆ ನಮ್ಮ ಕರಾವಳಿಗೆ ಒಳ್ಳೆಯದು. 20 ದಾಟಿದರೆ ಅದು ಹಸಿ ಮರ, ಬೇಸಿಗೆಯಲ್ಲಿ ಸಂಧು ಬಿಡುತ್ತದೆ.

ಮಲ್ಪೆ, ಕಾಪು, ಉಳ್ಳಾಲ ಹೀಗೆ ಸಮುದ್ರದ ಹತ್ತಿರ ಮನೆ ಇರುವವರು ತಿರುಗಣಿ, ಸ್ಕ್ರೂ, ಹಿಡಿಕೆ ಎಲ್ಲ ಹಿತ್ತಾಳೆಯದ್ದು ಅಥವಾ 304 ಗ್ರೇಡಿನ ಸ್ಟೀಲಿನದ್ದು ಹಾಕಿಸಿ. ಉಪ್ಪಿನ ಗಾಳಿಗೆ ಸಾದಾ ಕಬ್ಬಿಣ ನಿಲ್ಲುವುದಿಲ್ಲ.

ಆರ್ಡರ್ ಕೊಡುವಾಗ ಪೂರ್ತಿ ದುಡ್ಡು ಕೊಡಬೇಡಿ, ಎಷ್ಟೇ ಡಿಸ್ಕೌಂಟ್ ಹೇಳಿದರೂ. ಸ್ವಲ್ಪ ಅಡ್ವಾನ್ಸ್, ಪಾಲಿಶ್ ಮೊದಲು ನೋಡಿದ ಮೇಲೆ ಸ್ವಲ್ಪ, ಮನೆಗೆ ಬಂದ ಮೇಲೆ ಉಳಿದದ್ದು. ಎರಡನೇ ಸಲ ಹೋಗಲು ಆಗದಿದ್ದರೆ ವಿಡಿಯೋ ಕಾಲ್ ಮಾಡಿ ಪ್ರತಿಯೊಂದು ಪೀಸಿನ ಹಿಂಬದಿ, ತಳ ತೋರಿಸಲು ಹೇಳಿ. ಬಿಲ್ಲಿನಲ್ಲಿ ಮರದ ಹೆಸರು ಬರೆಸಿ, ಹಿಂಬದಿಗೆ ಏನು, ತಳಕ್ಕೆ ಏನು ಅಂತಲೂ ಬರೆಸಿ. 'ಟೀಕ್ ಫಿನಿಶ್' ಅಂತ ಬರೆದರೆ ಒಪ್ಪಬೇಡಿ, ಅದು ಬಣ್ಣ ಮಾತ್ರ. ಮೊದಲ ಮಳೆಗಾಲ ಮುಗಿಯುವ ತನಕ ಬಾಗಿಲು, ಡ್ರಾಯರ್ ಸರಿ ಮಾಡುವ ಖರ್ಚು ಯಾರದ್ದು ಅನ್ನುವುದನ್ನೂ ಅಲ್ಲೇ ಮಾತಾಡಿ ಬರೆಸಿಬಿಡಿ. ನಿಮ್ಮ ಊರಿನ ಆಚಾರಿಯಿಂದ (ಬಡಗಿಯಿಂದ) ಸರಿ ಮಾಡಿಸಿದರೆ ಅದರ ದುಡ್ಡು ಕೊಡುತ್ತೀರಾ ಅಂತ ಮಾರುವವರನ್ನು ಕೇಳಿ. ಕೆಲವರು ಒಪ್ಪುತ್ತಾರೆ.

ಆಚಾರಿ ಅಂದಾಗ ನೆನಪಾಯಿತು. ನಿಮ್ಮ ಮನೆಯ ಹಿತ್ತಲಿನಲ್ಲೇ ಬಲಿತ ಹಲಸು, ತೇಗ ಇದ್ದರೆ ಅಷ್ಟು ದೂರ ಹೋಗುವುದು ಯಾಕೆ? ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ಅನುಮತಿ ಕೇಳಿ, ಮಿಲ್ಲಿಗೆ ಸಾಗಿಸಲೂ ಪಾಸ್ ಬೇಕಾಗುತ್ತದೆ. ಆಮೇಲೆ ಮಿಲ್ಲಿನಲ್ಲಿ ಸೀಳಿಸಿ, ಒಣಗಲು ಬಿಟ್ಟು, ಆಚಾರಿಯಿಂದ ಮನೆಯಲ್ಲೇ ಮಾಡಿಸಬಹುದು. ಹಲಸಿನ ಮರ ಒರಲೆಗೆ ಸುಲಭಕ್ಕೆ ಬಗ್ಗುವುದಿಲ್ಲ, ವರ್ಷ ಕಳೆದ ಹಾಗೆ ಬಣ್ಣ ಗಾಢವಾಗುತ್ತದೆ. ಇದಕ್ಕೆ ತಾಳ್ಮೆ ಬೇಕು, ಒಕ್ಕಲಿಗೆ ತಿಂಗಳು ಮಾತ್ರ ಇರುವವರಿಗೆ ಆಗುವುದಿಲ್ಲ. ಆದರೆ ಸಮಯ ಇರುವವರು ಮೊದಲು ಇದನ್ನೇ ಯೋಚಿಸಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಹೋಗುವುದೇ ಅಂತಾದರೆ ಡಿಸೆಂಬರಿನಿಂದ ಮಾರ್ಚ್ ಒಳಗೆ ಹೋಗಿ, ಏಪ್ರಿಲ್ ಕೊನೆಗೆ ಮಾಲು ಮನೆಗೆ ಬರುವ ಹಾಗೆ ನೋಡಿ. ಜೂನ್ ನಂತರ ಟಾರ್ಪಾಲ್ ಎಷ್ಟು ಗಟ್ಟಿ ಕಟ್ಟಿದರೂ ನೀರು ಒಳಗೆ ಬರುತ್ತದೆ. ಬೆಂಗಳೂರು ಕಡೆಯಿಂದ ತರುವವರಿಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಲಾರಿ ಎಲ್ಲಿ ನಿಲ್ಲುತ್ತದೋ ಗೊತ್ತಾಗುವುದಿಲ್ಲ. ಹೊರಡುವ ಮೊದಲು ನಿಮ್ಮ ಫ್ಲಾಟಿನ ಲಿಫ್ಟು, ಮೆಟ್ಟಿಲಿನ ತಿರುವು, ಬಾಗಿಲಿನ ಅಗಲ ಅಳೆದು ಬರೆದುಕೊಳ್ಳಿ. ಹಂಚಿನ ಮನೆಯಾದರೆ ಬಾಗಿಲಿನ ಎತ್ತರವನ್ನೂ ಅಳೆಯಿರಿ. ದೊಡ್ಡ ಕಪಾಟನ್ನು ಬಿಡಿಭಾಗ ಮಾಡಿ ಬೋಲ್ಟು ಹಾಕಿ ಜೋಡಿಸುವ ಹಾಗೆ ಮಾಡಿಸುವುದು ಒಳ್ಳೆಯದು.

ಟೆಂಪೋ ಬಂದ ದಿನ ಡ್ರೈವರ್ ಅವಸರ ಮಾಡಿದರೂ ಸಹಿ ಹಾಕಲು ಅವಸರ ಮಾಡಬೇಡಿ. ಪ್ಯಾಕಿಂಗ್ ಬಿಚ್ಚುವಾಗಲೇ ಫೋಟೋ ತೆಗೆಯಿರಿ, ಮೂಲೆ ಒಡೆದಿದ್ದರೆ ಅವರ ಚೀಟಿಯಲ್ಲೇ ಬರೆದು ಸಹಿ ಹಾಕಿ. ಆಮೇಲೆ ಕಪಾಟನ್ನು ಗೋಡೆಗೆ ಒತ್ತಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಮಳೆಗಾಲದಲ್ಲಿ ನಮ್ಮ ಗೋಡೆ ಬೆವರುತ್ತದೆ, ಹಿಂಬದಿಯ ಪ್ಲೈಗೆ ಬೂಸ್ಟು ಬರುವುದು ಅಲ್ಲಿಂದಲೇ.